ಪ್ರಿಂಟರ್ ‘ಆಫ್‌ಲೈನ್’ ಅಂದಾಗ ನಾನು ಮೊದಲು ನೋಡುವುದು

ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ಮೆಕ್ಕೆಜೋಳದ ಸೀಸನ್ ಬಂತೆಂದರೆ ಫೋನ್ ಮೇಲೆ ಫೋನ್. "ಅಣ್ಣಾ, ಪ್ರಿಂಟರ್ ಕೆಟ್ಟೋಗಿದೆ, ಜಲ್ದಿ ಬಾ." ಹೋಗಿ ನೋಡಿದರೆ ಪ್ರಿಂಟರ್ ನೆಟ್ಟಗೇ ಇರುತ್ತದೆ. ಕೆಟ್ಟಿರುವುದು ಅದಕ್ಕೆ ಹೋಗುವ ದಾರಿ.

ಒಂದು ಅಂಗಡಿಯಲ್ಲಿ ಮೂರು ಕಂಪ್ಯೂಟರ್, ಒಂದೇ ಲೇಸರ್ ಪ್ರಿಂಟರ್. ಅದು ಯುಎಸ್‌ಬಿ ವೈರಿನಲ್ಲಿ ಗುಮಾಸ್ತರ ಕಂಪ್ಯೂಟರ್‌ಗೆ ಸೇರಿತ್ತು, ಉಳಿದ ಎರಡಕ್ಕೆ ಶೇರ್. ಗುಮಾಸ್ತರು ಊಟಕ್ಕೆ ಹೋಗಿ ಅವರ ಕಂಪ್ಯೂಟರ್ ಸ್ಲೀಪ್ ಆದರೆ ಸಾಕು, ಉಳಿದವರಿಗೆ ಪ್ರಿಂಟರ್ ‘ಆಫ್‌ಲೈನ್’.

ಪ್ರಿಂಟ್ ಒತ್ತಿದಾಗ ಡ್ರೈವರ್ ಎಂಬ ಸಾಫ್ಟ್‌ವೇರ್ ನಮ್ಮ ಬಿಲ್ಲನ್ನು ಪ್ರಿಂಟರ್‌ಗೆ ತಿಳಿಯುವ ರೂಪಕ್ಕೆ ತರುತ್ತದೆ. ಸ್ಪೂಲರ್ ಎಂಬ ವಿಂಡೋಸ್ ಸೇವೆ ಅದನ್ನು ಫೈಲ್ ಮಾಡಿ ಸರದಿಯಲ್ಲಿ ನಿಲ್ಲಿಸುತ್ತದೆ. ವೇ ಬ್ರಿಡ್ಜ್ ಮೇಲೆ ಒಂದು ಲಾರಿ ಕೆಟ್ಟು ನಿಂತರೆ ಹಿಂದಿನವೆಲ್ಲ ಕಾಯುತ್ತವೆ ಅಲ್ವಾ, ಇಲ್ಲಿಯೂ ಹಾಗೇ.

ಹಾಗಾಗಿ ಮೊದಲು ಪ್ರಿಂಟರ್‌ನ ಬಟನ್ನಿನಿಂದಲೇ ಟೆಸ್ಟ್ ಪೇಜ್ ತೆಗೆಯುತ್ತೇನೆ. ಬಂದರೆ ಮೆಷಿನ್ ಸರಿ ಇದೆ. ಆಮೇಲೆ ಗುಮಾಸ್ತರ ಕಂಪ್ಯೂಟರ್‌ನಿಂದ, ಕೊನೆಗೆ ಉಳಿದವುಗಳಿಂದ. ಎಲ್ಲಿ ನಿಂತಿತೋ ಅಲ್ಲೇ ತೊಂದರೆ. ಸರದಿಯಲ್ಲಿ ಸಿಕ್ಕಿಕೊಂಡ ಜಾಬ್ ಡಿಲೀಟ್ ಆಗದೇ ಹಟ ಹಿಡಿದರೆ, ಸರ್ವೀಸಸ್ ಎಂಬ ವಿಂಡೋಸ್ ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ವಿಂಡೋಸ್‌ನ ಸಿಸ್ಟಮ್32 ಒಳಗಿನ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರ್‌ನಲ್ಲಿರುವ ಫೈಲ್‌ಗಳನ್ನು ಅಳಿಸಿ, ಮತ್ತೆ ಶುರು ಮಾಡುತ್ತೇನೆ. ಫೋಲ್ಡರನ್ನೇ ಅಳಿಸಬೇಡಿ. ಸರದಿಯಲ್ಲಿರುವ ಬೇರೆಯವರ ಬಿಲ್ಲೂ ಅಳಿಸಿಹೋಗುತ್ತವೆ, ಮೊದಲೇ ಕೂಗಿ ಹೇಳಿಬಿಡಿ.

ವಿಂಡೋಸ್‌ನ 2021ರ ಸೆಪ್ಟೆಂಬರ್ ಅಪ್‌ಡೇಟ್ ಆದ ಮೇಲೆ 11ಬಿ ಎಂದು ಮುಗಿಯುವ ಎರರ್ ಬಹಳ ಕಡೆ ಬಂತು. ಶೇರ್ ಪ್ರಿಂಟರ್‌ನ ಭದ್ರತೆ ಬಿಗಿ ಮಾಡಿದ್ದರ ಫಲ ಅದು. ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಪಟ್ಟಿಯಲ್ಲಿ, ಆ ಬಿಗಿಯನ್ನೇ ಸಡಿಲಿಸುವ ಉಪಾಯ ಎಲ್ಲರ ಬಾಯಲ್ಲೂ ಓಡಾಡಿತು. ನನಗೆ ಅದು ಇಷ್ಟವಿಲ್ಲ. ದುಡ್ಡಿನ ಲೆಕ್ಕ ಇರುವ ಕಂಪ್ಯೂಟರ್ ಅದು.

ಆ ಅಂಗಡಿಯ ಪ್ರಿಂಟರ್ ಹಿಂದೆ ಲ್ಯಾನ್ ಪೋರ್ಟ್, ಅಂದರೆ ನೆಟ್‌ವರ್ಕ್ ವೈರ್ ಚುಚ್ಚುವ ಕಿಂಡಿ, ಇತ್ತು, ಯಾರೂ ಮುಟ್ಟಿರಲಿಲ್ಲ. ರೌಟರ್‌ನಿಂದ ವೈರ್ ಎಳೆದು, ಮೂರೂ ಕಂಪ್ಯೂಟರ್‌ಗಳಲ್ಲಿ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಸೇರಿಸಿದೆ, ಅಂದರೆ ಪ್ರಿಂಟರ್‌ನ ಐಪಿ (ನೆಟ್‌ವರ್ಕ್‌ನಲ್ಲಿನ ವಿಳಾಸ) ಕೊಟ್ಟೆ. ಈಗ ಅವು 9100ನೇ ಪೋರ್ಟ್ ಎಂಬ ನೆಟ್‌ವರ್ಕ್ ಬಾಗಿಲ ಮೂಲಕ ನೇರವಾಗಿ ಪ್ರಿಂಟರ್ ಜೊತೆ ಮಾತಾಡುತ್ತವೆ. ವಿಂಡೋಸ್ ತಾನಾಗಿ ಪ್ರಿಂಟರ್ ಹುಡುಕಿದರೆ ಹೆಚ್ಚಾಗಿ ಡಬ್ಲ್ಯುಎಸ್‌ಡಿ ಎಂಬ ಇನ್ನೊಂದು ಬಗೆಯ ಪೋರ್ಟ್ ಹಾಕಿಕೊಳ್ಳುತ್ತದೆ. ನನಗೆ ಅದರಿಂದ ಜಾಸ್ತಿ ತಲೆನೋವೇ.

ಕರೆಂಟ್ ಹೋಗಿ ಬಂದಾಗ ರೌಟರ್ ಬೇರೆ ಐಪಿ ಕೊಟ್ಟರೆ ಮತ್ತೆ ಆಫ್‌ಲೈನ್. ಅದಕ್ಕೇ ರೌಟರ್‌ನಲ್ಲಿ ಪ್ರಿಂಟರ್‌ನ ಮ್ಯಾಕ್ ಅಡ್ರೆಸ್‌ಗೆ (ಕಾರ್ಖಾನೆಯಿಂದಲೇ ಬರುವ ಗುರುತಿನ ಸಂಖ್ಯೆ) ಒಂದು ಐಪಿ ಕಾಯಂ ಮಾಡಿದೆ. ಪ್ರಿಂಟರ್ ಆನ್ ಇದ್ದೂ ಆಫ್‌ಲೈನ್ ತೋರಿಸಿದರೆ, ಪೋರ್ಟ್ ಸೆಟ್ಟಿಂಗ್‌ನಲ್ಲಿ ಎಸ್‌ಎನ್‌ಎಂಪಿ (ಪ್ರಿಂಟರ್‌ನ ಸ್ಥಿತಿ ಕೇಳುವ ವ್ಯವಸ್ಥೆ) ಟಿಕ್ ತೆಗೆದು ನೋಡಿ.

"ಕಾರ್ಬನ್ ಬಿಲ್ಲಿನ ಡಾಟ್ ಮ್ಯಾಟ್ರಿಕ್ಸ್ ಏನು ಮಾಡ್ತೀಯಪ್ಪಾ?" ಅಂದರು ಸಾವ್ಕಾರ್ರು. ಅದಕ್ಕೆ ಲ್ಯಾನ್ ಪೋರ್ಟ್ ಇಲ್ಲ. ಯುಎಸ್‌ಬಿಯಲ್ಲೇ ಬಿಟ್ಟು, ಗುಮಾಸ್ತರ ಕಂಪ್ಯೂಟರ್ ಸ್ಲೀಪ್ ಆಗದಂತೆ ಮಾಡಿ ಬಂದೆ.