ಸಂಘದ ವೆಬ್‌ಸೈಟ್‌ನಲ್ಲಿ ಸದಸ್ಯರು ಸಿಗೋ ಹಾಗೆ ಮಾಡೋದು ಹೇಗೆ

ಪುಣೆಯ ಒಂದು ಪಂಪ್ ಕಂಪನಿಯ ಪರ್ಚೇಸ್‌ನವರು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಕಾಸ್ಟಿಂಗ್ (ಲೋಹ ಕರಗಿಸಿ ಅಚ್ಚಿಗೆ ಹೊಯ್ಯೋದು) ಮಾಡಿಸ್ಬೇಕು ಅಂತ ಹುಡುಕ್ತಿದಾರೆ ಅಂದ್ಕೊಳ್ಳಿ. ಅವರಿಗೆ ಬೇಕಾಗಿರೋದು ಇಷ್ಟೇ, ಹನ್ನೆರಡು ಕೆಜಿ ತೂಕದ ಎಸ್‌ಜಿ ಐರನ್ (ಸುಲಭಕ್ಕೆ ಒಡೆಯದ ಒಂದು ಬಗೆಯ ಎರಕದ ಕಬ್ಬಿಣ) ಪೀಸ್ ಯಾರು ಹೊಯ್ದು ಕೊಡ್ತಾರೆ, ತಿಂಗಳಿಗೆ ಎಷ್ಟು ಟನ್ ಆಗುತ್ತೆ, ಮಷೀನಿಂಗ್ ಅಲ್ಲೇ ಆಗುತ್ತಾ, ಯಾರಿಗೆ ಫೋನ್ ಮಾಡ್ಬೇಕು. ನಮ್ಮ ಎಷ್ಟೋ ಊರಿನ ಕೈಗಾರಿಕಾ ಸಂಘ, ವರ್ತಕರ ಸಂಘದ ಸೈಟ್ ತೆರೆದ್ರೆ ಮೊದಲು ಬರೋದು ಅಧ್ಯಕ್ಷರ ಸಂದೇಶ, ಆಮೇಲೆ ಪದಾಧಿಕಾರಿಗಳ ಫೋಟೋ, ಸಮಾರಂಭದ ಗ್ಯಾಲರಿ, ಸದಸ್ಯರ ಪಟ್ಟಿ ಮಾತ್ರ ಎಲ್ಲೋ ಕೊನೇಲಿ ಒಂದು ಪಿಡಿಎಫ್ ಆಗಿ ಕೂತಿರುತ್ತೆ, ಅದೂ ಹೆಸರು ವಿಳಾಸ ಅಷ್ಟೇ. ವರ್ಷಾ ವರ್ಷಾ ಚಂದಾ ಕಟ್ಟೋ ಸದಸ್ಯನಿಗೆ ಆ ಸೈಟ್‌ನಿಂದ ಒಂದು ಎನ್‌ಕ್ವಯರಿ ಕೂಡ ಬರಲ್ಲ ಅಂದ್ರೆ ಅದನ್ನ ಬದಲಾಯಿಸಲೇಬೇಕು. ಫೌಂಡ್ರಿ, ಅಂದ್ರೆ ಈ ಎರಕ ಹೊಯ್ಯೋ ಕಾರ್ಖಾನೆ ಉದಾಹರಣೆ ಇಟ್ಕೊಂಡೇ ಹೇಳ್ತೀನಿ, ನಿಮ್ಮೂರಲ್ಲಿ ಮೆಣಸಿನಕಾಯಿ ವ್ಯಾಪಾರ ಇದ್ರೂ ಸೀರೆ ವ್ಯಾಪಾರ ಇದ್ರೂ ದಾರಿ ಇದೇ.

ಡಿಸೈನರ್‌ಗೆ ಫೋನ್ ಮಾಡೋ ಮುಂಚೆ ಸಂಘದ ಆಫೀಸ್‌ನಲ್ಲಿ ಒಂದು ನೋಟ್‌ಬುಕ್ ಇಡಿ. ಎರಡು ಮೂರು ವಾರ ಆಫೀಸಿಗೆ ಬರೋ ಪ್ರತಿ ಫೋನ್ ಕಾಲ್ ಅದರಲ್ಲಿ ಬರೀಲಿ, ಯಾರು ಕೇಳಿದ್ರು, ಯಾವ ಮಾತಲ್ಲಿ ಕೇಳಿದ್ರು ಅಂತ. 'ಪ್ಯಾಟರ್ನ್ ಮಾಡೋರು ಯಾರಾದ್ರೂ ಇದಾರಾ', 'ಪೌಡರ್ ಕೋಟಿಂಗ್ ಎಲ್ಲಿ ಮಾಡಿಸ್ಲಿ', 'ನಮ್ಮ ಲೈನ್‌ಗೆ ನಾಳೆ ಕರೆಂಟ್ ಇರುತ್ತಾ', 'ಮೆಂಬರ್‌ಶಿಪ್ ಸರ್ಟಿಫಿಕೇಟ್ ಯಾವಾಗ ಸಿಗುತ್ತೆ', ಇಂಥವು. ಈ ಪ್ರಶ್ನೆಗಳೇ ನಿಮ್ಮ ಹೊಸ ಸೈಟ್‌ನ ಮೆನು. ಜೊತೆಗೆ ಸಣ್ಣವರು ದೊಡ್ಡವರು ಸೇರಿಸಿ ಒಂದಷ್ಟು ಸದಸ್ಯರ ಶೆಡ್‌ಗೇ ಹೋಗಿ, ಇತ್ತೀಚೆಗೆ ಬಂದ ಹೊಸ ಗಿರಾಕಿ ನಿಮ್ಮನ್ನ ಹೇಗೆ ಹುಡುಕಿದ್ರು ಅಂತ ಕೇಳಿ. ಸೈಟ್ ಹೇಗಿರ್ಬೇಕು ಅಂತ ನೇರವಾಗಿ ಕೇಳಿದ್ರೆ ಎಲ್ಲರೂ 'ಚೆನ್ನಾಗಿರ್ಬೇಕು' ಅಂತಾರೆ, ಅದರಿಂದ ಡಿಸೈನರ್‌ಗೆ ಏನೂ ಸಿಗಲ್ಲ.

ಆಮೇಲೆ ಪಟ್ಟಿ ಶುದ್ಧ ಮಾಡೋ ಕೆಲಸ. ಮುಚ್ಚಿದ ಯೂನಿಟ್, ತೀರಿಕೊಂಡ ಮಾಲೀಕರ ನಂಬರ್, ಒಬ್ಬರೇ ಎರಡು ಹೆಸರಲ್ಲಿ ಇರೋದು, ಎಲ್ಲ ಸಂಘದಲ್ಲೂ ಇದ್ದೇ ಇರುತ್ತೆ. ಇಲ್ಲೊಂದು ಸುಲಭ ದಾರಿ ಇದೆ. ಜಿಎಸ್‌ಟಿ ನಂಬರ್‌ನಲ್ಲಿ 15 ಅಕ್ಷರ ಇರುತ್ತೆ, ಕರ್ನಾಟಕದ್ದಾದ್ರೆ ಮೊದಲೆರಡು 29, ಅದರ ಮುಂದಿನ ಹತ್ತು ಪ್ಯಾನ್ ನಂಬರ್. ಆ ಹತ್ತು ಅಕ್ಷರ ಒಂದೇ ಬಂತು ಅಂದ್ರೆ ಎರಡು ಎಂಟ್ರಿ ಒಬ್ಬರದ್ದೇ. ಜಿಎಸ್‌ಟಿ ಇಲ್ಲದ ಸಣ್ಣವರಿಗೆ ಉದ್ಯಮ್ ನಂಬರ್ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡೋ ನೋಂದಣಿ ನಂಬರ್) ಕೇಳಿ. ಆದ್ರೆ 2020ರ ಜುಲೈಗಿಂತ ಮುಂಚಿನ ಹಳೇ ನೋಂದಣಿ, ಅಂದ್ರೆ ಉದ್ಯೋಗ್ ಆಧಾರ್ ಕಾಗದ ತಂದ್ರೆ, ಹೊಸ ಉದ್ಯಮ್ ನೋಂದಣಿ ಮಾಡಿಸೋಕೆ ಅಲ್ಲೇ ಸಹಾಯ ಮಾಡಿ ಕಳಿಸಿ, ದಯವಿಟ್ಟು ಅವರನ್ನ ಪಟ್ಟಿಯಿಂದ ತೆಗೀಬೇಡಿ.

ಈಗ ಸದಸ್ಯರ ಫಾರಂ, ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡ್ಬೇಕಾಗಿರೋದು ಇದಕ್ಕೇ. 'ನಿಮ್ಮ ಉದ್ಯಮದ ವಿವರ' ಅಂತ ಖಾಲಿ ಬಾಕ್ಸ್ ಕೊಟ್ರೆ ಎಲ್ಲರೂ 'ಎಲ್ಲಾ ತರದ ಕಾಸ್ಟಿಂಗ್' ಅಂತ ಬರೀತಾರೆ, ಹುಡುಕೋರಿಗೆ ಅದರಿಂದ ಏನೂ ಗೊತ್ತಾಗಲ್ಲ. ಬದಲಿಗೆ ಟಿಕ್ ಮಾಡೋ ಹಾಗೆ ಕೊಡಿ. ಲೋಹ ಯಾವುದು, ಗ್ರೇ ಐರನ್ನಾ ಎಸ್‌ಜಿ ಐರನ್ನಾ ಅಲ್ಯೂಮಿನಿಯಮ್ಮಾ, ಗ್ರೇಡ್ ಏನು, ಎಫ್‌ಜಿ 260 ಅಥವಾ ಎಸ್‌ಜಿ 500/7 ಅಂತ. ಒಂದು ಪೀಸ್ ಕನಿಷ್ಠ ಗರಿಷ್ಠ ಎಷ್ಟು ಕೆಜಿ, ಮೋಲ್ಡಿಂಗ್ (ಅಚ್ಚು ಮಾಡೋದು) ಗ್ರೀನ್ ಸ್ಯಾಂಡಾ ಶೆಲ್ಲಾ, ಕರಗಿಸೋದು ಕೋಕ್ ಉರಿಸೋ ಕುಪೋಲಾದಲ್ಲಾ ಕರೆಂಟಿನ ಇಂಡಕ್ಷನ್ ಫರ್ನೇಸ್‌ನಲ್ಲಾ, ಲೋಹದಲ್ಲಿ ಏನೇನು ಎಷ್ಟಿದೆ ಅಂತ ಟೆಸ್ಟ್ ಮಾಡೋಕೆ ಸ್ಪೆಕ್ಟ್ರೋಮೀಟರ್ ಇದೆಯಾ, ವಿಎಂಸಿ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯೋ ಮಷೀನಿಂಗ್ ಯಂತ್ರಗಳು) ಸ್ವಂತದ್ದಾ ಜಾಬ್ ವರ್ಕ್‌ಗೆ ಕಳಿಸ್ತೀರಾ, ಇಪ್ಪತ್ತೈದು ಪೀಸ್‌ನ ಸಣ್ಣ ಆರ್ಡರ್ ತಗೋತೀರಾ. ಈ ಕೊನೇ ಪ್ರಶ್ನೆ ಬಿಡ್ಬೇಡಿ, ಹೊಸದಾಗಿ ಮಷೀನ್ ಮಾಡೋಕೆ ಹೊರಟ ಹುಡುಗರಿಗೆ ಸಣ್ಣ ಆರ್ಡರ್ ತಗೊಳ್ಳೋರು ಸಿಗೋದೇ ಕಷ್ಟ. ಫಾರಂ ತುಂಬೋಕೆ ಸದಸ್ಯರಿಗೆ ಲಿಂಕ್ ಕಳಿಸಿ ಕಾಯೋದಕ್ಕಿಂತ, ಒಬ್ಬ ಡಿಪ್ಲೊಮಾ ಹುಡುಗನ್ನೋ ಹುಡುಗೀನೋ ಮೊಬೈಲ್ ಕೊಟ್ಟು ಶೆಡ್ ಶೆಡ್‌ಗೆ ಕಳಿಸಿ, ಅವರೇ ಕೇಳಿ ತುಂಬಿ, ಕೆಲಸ ನಡೀತಿರೋ ಫೋಟೋನೂ ತೆಗೆದು ಬರ್ತಾರೆ.

ಅದೇ ಹೊತ್ತಲ್ಲಿ ಒಪ್ಪಿಗೆ ತಗೊಳ್ಳಿ. ವೈಯಕ್ತಿಕ ಡೇಟಾ ರಕ್ಷಣೆಗೆ ಅಂತ 2023ರಲ್ಲಿ ಕಾಯ್ದೆನೇ ಬಂದಿದೆ. ಯಾವ ನಂಬರ್ ಎಲ್ಲರಿಗೂ ಕಾಣಬಹುದು, ಯಾವುದು ಸಂಘದ ಆಫೀಸಿಗೆ ಮಾತ್ರ ಅಂತ ಬೇರೆ ಬೇರೆ ಟಿಕ್ ಇರ್ಲಿ. ಮನೇಲೇ ಕೂತು ಕೆಲಸ ಮಾಡೋ ಹೆಣ್ಮಕ್ಕಳ ಮನೆ ವಿಳಾಸ ಕೇಳದೆ ಹಾಕೋದು ಖಂಡಿತ ಬೇಡ.

ಪ್ರತಿ ಸದಸ್ಯರಿಗೂ ಸ್ವಂತ ಪುಟ, ಸ್ವಂತ ಲಿಂಕ್ ಬೇಕು. ಕ್ಲಿಕ್ ಮಾಡಿದ್ರೆ ಮೇಲೆ ಬಂದು ಮಾಯ ಆಗೋ ಪಾಪ್‌ಅಪ್ ಆದ್ರೆ ಗೂಗಲ್‌ನಲ್ಲಿ ಸಿಗೋದು ಕಷ್ಟ, ವಾಟ್ಸಾಪ್‌ನಲ್ಲಿ ಕಳಿಸೋಕೂ ಆಗಲ್ಲ. ಸ್ವಂತ ವೆಬ್‌ಸೈಟ್ ಇಲ್ಲದ ಸಣ್ಣ ಯೂನಿಟ್‌ನವರು ಆ ಲಿಂಕ್‌ನ ಕ್ಯೂಆರ್ ಕೋಡ್ ಮಾಡಿ ವಿಸಿಟಿಂಗ್ ಕಾರ್ಡಲ್ಲೇ ಹಾಕಿಸ್ಕೋಬಹುದು. ಪುಟದ ಕೆಳಗೆ ಒಂದು ಕಾಲ್ ಬಟನ್, ಒಂದು ವಾಟ್ಸಾಪ್ ಬಟನ್, ಅದು ಒತ್ತಿದ್ರೆ 'ಸಂಘದ ಸೈಟ್ ನೋಡಿ ಕೇಳ್ತಿದೀನಿ' ಅಂತ ಮೊದಲೇ ಟೈಪ್ ಆಗಿರ್ಲಿ, ಆಗ ಎನ್‌ಕ್ವಯರಿ ಎಲ್ಲಿಂದ ಬಂತು ಅಂತ ಸದಸ್ಯರಿಗೆ ಗೊತ್ತಾಗುತ್ತೆ.

ಭಾಷೆ ವಿಷಯ. ಕನ್ನಡ ಇರ್ಲೇಬೇಕು, ಇಂಗ್ಲಿಷ್ ಇರ್ಬೇಕು, ಬೆಳಗಾವಿಯಂಥ ಕಡೆ ಪುಣೆ ಕೊಲ್ಹಾಪುರದ ಗಿರಾಕಿಗಳಿಗೆ ಮರಾಠಿನೂ ಇದ್ರೆ ಅನುಕೂಲ. ಹಳೇ ಕನ್ನಡ ಫೈಲ್‌ಗಳು ನುಡಿ, ಬರಹ ಅನ್ನೋ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟ್‌ನಲ್ಲಿ ಇದ್ರೆ ಯೂನಿಕೋಡ್‌ಗೆ ಬದಲಾಯಿಸಿ ಹಾಕಿ, ಇಲ್ಲಾಂದ್ರೆ ಫೋನಲ್ಲಿ ಬರೀ ವಿಚಿತ್ರ ಚಿಹ್ನೆ ಕಾಣುತ್ತೆ, ಕನ್ನಡದಲ್ಲಿ ಹುಡುಕಿದ್ರೂ ಸಿಗಲ್ಲ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಂದೊಂದೇ ಕಣ್ಣಲ್ಲಿ ನೋಡಿ, ಜನರ ಹೆಸರು ಕೆಡೋದು ಅಲ್ಲೇ. ಊರ ಹೆಸರು 2014ರ ನವೆಂಬರ್ 1ಕ್ಕೆ ಬೆಳಗಾವಿ ಅಂತ ಆದ್ರೂ ಈಗ್ಲೂ ಬೆಳಗಾಂ ಅಂತ ಹುಡುಕೋರಿದಾರೆ, ಎರಡಕ್ಕೂ ರಿಸಲ್ಟ್ ಬರೋ ಹಾಗೆ ಮಾಡ್ಸಿ.

ಮುಖಪುಟದಲ್ಲಿ ಎಲ್ಲಕ್ಕಿಂತ ಮೇಲೆ ಹುಡುಕೋ ಬಾಕ್ಸ್. ಅಧ್ಯಕ್ಷರ ಸಂದೇಶ, ಹಿಂದಿನ ಪದಾಧಿಕಾರಿಗಳು 'ನಮ್ಮ ಸಂಘ' ಅನ್ನೋ ಪುಟಕ್ಕೆ ಹೋಗ್ಲಿ. ರಸ್ತೆ, ನೀರು, ಕರೆಂಟ್‌ಗೆ ಓಡಾಡಿದ ಹಿರಿಯರು ಅವರು, ಆ ಪುಟಾನೂ ಚೆನ್ನಾಗಿ ಮಾಡಿ, ಯಾವ ವರ್ಷ ಏನು ಕೆಲಸ ಆಯ್ತು ಅಂತ ಬರೀರಿ. ಕಮಿಟಿ ಮೀಟಿಂಗ್‌ನಲ್ಲಿ ಹೀಗೆ ಗೌರವದಿಂದ ಹೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಸದಸ್ಯರ ಲಾಗಿನ್ ಮೊಬೈಲ್ ಓಟಿಪಿಯಲ್ಲೇ ಇರ್ಲಿ, ಪಾಸ್‌ವರ್ಡ್ ಯಾರೂ ನೆನಪಿಟ್ಕೊಳ್ಳಲ್ಲ. ಒಳಗೆ ರಸೀದಿ, ಸರ್ಟಿಫಿಕೇಟ್, ಸುತ್ತೋಲೆ, ದೂರು, ಸದ್ಯಕ್ಕೆ ಇಷ್ಟು ಸಾಕು.

ಡೊಮೈನ್ (ಸೈಟ್‌ನ ವಿಳಾಸ) ಮಾತ್ರ ಸಂಘದ ಹೆಸರಲ್ಲಿ, ಸಂಘದ ಇಮೇಲ್‌ನಲ್ಲಿ ನೋಂದಣಿ ಆಗಿರ್ಬೇಕು. ಡಿಸೈನರ್ ಹೆಸರಲ್ಲೋ ಹಿಂದಿನ ಕಾರ್ಯದರ್ಶಿ ಹೆಸರಲ್ಲೋ ಇದ್ರೆ ಮೊದಲು ಅದನ್ನ ವರ್ಗಾಯಿಸಿ. ಹಳೇ ಪುಟಗಳ ಲಿಂಕ್ ಹೊಸ ಪುಟಕ್ಕೆ ಹೋಗೋ ಹಾಗೆ 301 ರೀಡೈರೆಕ್ಟ್ ಹಾಕ್ಸಿ.

ಇನ್ನು ಅಪ್‌ಡೇಟ್. ಚಂದಾ ನವೀಕರಣದ ಜೊತೆಗೇ ಅವರ ಪುಟದ ಪ್ರಿಂಟ್ ಕೈಗೆ ಕೊಟ್ಟು ಸರಿ ಇದೆಯಾ ನೋಡಿ ಅಂತ ಕೇಳಿ, ಪರಿಶೀಲಿಸಿದ ತಿಂಗಳು ಪುಟದ ಮೇಲೆ ಕಾಣ್ಲಿ. ಸೈಟ್ ಒಳಗೆ ಹುಡುಕಿ ಏನೂ ಸಿಗದೆ ಹೋದ ಪದಗಳ ಪಟ್ಟಿ ತಿಂಗಳಿಗೊಮ್ಮೆ ಬರೋ ಹಾಗೆ ಮಾಡ್ಸಿ ಕಮಿಟಿ ಮೀಟಿಂಗ್‌ನಲ್ಲಿ ಓದಿ. 'ಹೀಟ್ ಟ್ರೀಟ್‌ಮೆಂಟ್' ಅಂತ ಹುಡುಕಿದವರಿಗೆ ಯಾರೂ ಸಿಗ್ಲಿಲ್ಲ ಅಂದ್ರೆ, ಆ ಕೆಲಸ ಮಾಡೋ ಸದಸ್ಯರು ಫಾರಂನಲ್ಲಿ ಟಿಕ್ ಮಾಡಿಲ್ಲವಾ ಅಥವಾ ಅಂಥವರು ಇನ್ನೂ ಸಂಘಕ್ಕೆ ಸೇರೇ ಇಲ್ಲವಾ ನೋಡಿ, ಸೇರಿಲ್ಲ ಅಂದ್ರೆ ಆ ಪಟ್ಟಿನೇ ಹಿಡ್ಕೊಂಡು ಹೋಗಿ ಅವರನ್ನ ಸದಸ್ಯರಾಗಿ ಅಂತ ಕರೀರಿ.