ಹರಿದ ರಾಷ್ಟ್ರಧ್ವಜಕ್ಕೆ ಗೌರವದ ವಿದಾಯ: ನಾನು ಅನುಸರಿಸುವ ಕ್ರಮ

ಧ್ವಜ ಸವೆಯುವುದು ಕಂಬದಿಂದ ದೂರದ ಅಂಚಿನಿಂದ. ಗಾಳಿಗೆ ಪಟಪಟನೆ ಹೊಡೆದುಕೊಂಡು ಅಲ್ಲಿನ ಹೊಲಿಗೆ ಬಿಚ್ಚುತ್ತದೆ, ನೂಲು ಜೋತುಬೀಳುತ್ತದೆ, ಆಮೇಲೆ ಬಟ್ಟೆ ಹರಿಯುತ್ತದೆ. ಇಳಿಸಿದಾಗೆಲ್ಲ ನಾನು ಮೊದಲು ನೋಡುವುದು ಆ ಅಂಚನ್ನೇ. ಹರಿದದ್ದು, ಬಣ್ಣ ಮಾಸಿದ್ದು ಮತ್ತೆ ಕಂಬ ಏರಬಾರದು.

ಅಂಥ ಧ್ವಜವನ್ನು ಇಡಿಯಾಗಿ, ಖಾಸಗಿಯಾಗಿ, ಆದಷ್ಟೂ ಸುಟ್ಟು, ಇಲ್ಲವೇ ಅದರ ಘನತೆಗೆ ಕುಂದು ಬಾರದ ಬೇರೆ ರೀತಿಯಲ್ಲಿ ಮುಗಿಸಬೇಕು ಎನ್ನುತ್ತದೆ 2002ರ ಧ್ವಜ ಸಂಹಿತೆ. ಬೇಗ ಉರಿಯಲೆಂದು ಕತ್ತರಿ ಹಾಕುವವರು 'ಇಡಿಯಾಗಿ' ಎಂಬುದನ್ನು ಮರೆಯುತ್ತಾರೆ. 'ಖಾಸಗಿ' ಎಂಬುದೂ ಅಷ್ಟೇ ಮುಖ್ಯ: ರಾಷ್ಟ್ರಧ್ವಜವನ್ನು ಸಾರ್ವಜನಿಕವಾಗಿ ಸುಟ್ಟು ಅವಮಾನಿಸುವುದನ್ನು ತಡೆಯುವ 1971ರ ಕಾಯ್ದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಯಾವ ಜಾಗವನ್ನೂ ಬಿಟ್ಟಿಲ್ಲ. ಅಕ್ಕಪಕ್ಕದ ಮನೆಗಳಿಗೆ ಕಾಣುವ ತಾರಸಿ ಬೇಡ. ಫೋಟೊ, ವಿಡಿಯೊ ಖಂಡಿತ ಬೇಡ.

ಮೊದಲು ಬಟ್ಟೆ ಯಾವುದೆಂದು ತಿಳಿಯಬೇಕು. ಧ್ವಜ ಸಂಹಿತೆಗೆ 2021ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಧ್ವಜಗಳೂ ಬಂದಿವೆ. ಅಂಚಿನಿಂದ ತಾನಾಗಿ ಕಳಚಿದ ಒಂದು ಎಳೆಗೆ ಬೆಂಕಿ ತಾಗಿಸಿ. ಖಾದಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಮೆತ್ತಗಿನ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ, ಗಟ್ಟಿ ಕರಿಮಣಿಯಾಗುತ್ತದೆ.

ಖಾದಿ ಧ್ವಜವನ್ನು ಒಂದು ದಿನ ಒಳಗೇ ಹರಡಿ ಒಣಗಿಸುತ್ತೇನೆ. ತೇವವಿದ್ದರೆ ಉರಿಯದೆ ಹೊಗೆಯಾಡುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವಂಥ ಧ್ವಜಗಳಿಗೆ ಕಂಬದ ಕಡೆಯ ಪಟ್ಟಿಯಲ್ಲಿ ಹಗ್ಗ, ಅದರ ತುದಿಗೆ ಮರದ ತುಂಡು ಇರುತ್ತದೆ. ಆ ಪಟ್ಟಿಯ ಹೊಲಿಗೆ ಬಿಚ್ಚುವುದಿಲ್ಲ, ಅವೂ ಧ್ವಜದೊಂದಿಗೇ ಹೋಗುತ್ತವೆ. ಕಂಬಕ್ಕೆ ಕಟ್ಟಿದ್ದ ನೈಲಾನ್ ಹಗ್ಗವನ್ನು ಮಾತ್ರ ಗಂಟು ಬಿಚ್ಚಿ ತೆಗೆಯುತ್ತೇನೆ.

ಮಡಿಸುವಾಗ ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಸೇರಿಸಿ, ಎರಡೂ ಬದಿಯಿಂದ ನಡುವಿಗೆ ತಂದರೆ ಅಶೋಕ ಚಕ್ರ ಮೇಲೆ ಕಾಣುತ್ತದೆ. ಅಂಗೈಗಳ ಮೇಲಿಟ್ಟು ಒಯ್ಯುವುದು ಹೀಗೆ. ಆದರೆ ಆ ಮಡಿಕೆಯಲ್ಲೇ ಬೆಂಕಿಗಿಡಬೇಡಿ. ಒಳಪದರಕ್ಕೆ ಗಾಳಿ ಸಿಗದೆ ಹೊರಗೆ ಕರಿ, ಒಳಗೆ ಬಣ್ಣ ಹಾಗೇ ಉಳಿಯುತ್ತದೆ, ಕೋಲಿನಿಂದ ಕೆದಕಬೇಕಾಗುತ್ತದೆ. ಹಾಗೆ ಕೆದಕುವುದು ನನಗೆ ಸಹಿಸದು. ಮೂರಡಿ-ಎರಡಡಿಯ ಧ್ವಜಕ್ಕೆ ಅಗಲವಾದ ಕಬ್ಬಿಣದ ಬಾಣಲೆ, ಸುಮಾರು ಎರಡು ಕಿಲೋ ಒಣ ಸೌದೆ, ನಾಲ್ಕೈದು ಬಿಲ್ಲೆ ಕರ್ಪೂರ ಸಾಕು. ಸೌದೆಯನ್ನು ಸಂದಿಬಿಟ್ಟು ಅಡ್ಡಡ್ಡ ಜೋಡಿಸಿ, ಉರಿ ನಿಂತ ಮೇಲೆ ಮಡಿಕೆ ಸಡಿಲಿಸಿ ಮೇಲೆ ಹರಡುತ್ತೇನೆ. ಪೆಟ್ರೋಲ್ ಹಾಕಿದರೆ ಬೆಂಕಿ ಭಗ್ಗೆಂದು ಮುಖಕ್ಕೇ ಬರುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ.

ಪಾಲಿಯೆಸ್ಟರ್ ಅನ್ನು ನಾನು ಸುಡುವುದಿಲ್ಲ. ಕರಗಿ ತೊಟ್ಟಿಕ್ಕುತ್ತದೆ, ಚರ್ಮಕ್ಕೆ ಅಂಟುತ್ತದೆ, ಹೊಗೆ ಕೆಟ್ಟದ್ದು. ಮಡಿಸಿ, ಹೊಸ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು, ಯಾರೂ ತುಳಿಯದ ಜಾಗದಲ್ಲಿ ಎರಡೂವರೆ ಅಡಿ ಆಳಕ್ಕೆ ಹೂಳುತ್ತೇನೆ. ಅದು ಬೇಗ ಕೊಳೆಯುವ ಬಟ್ಟೆಯಲ್ಲ. ಮೇಲೆ ಹೂತರೆ ಮಳೆಗೆ ಮಣ್ಣು ಕೊಚ್ಚಿ ಹೊರಬರುತ್ತದೆ.

ಆಗಸ್ಟ್ 15ರ ಕಾಗದದ ಬಾವುಟಗಳನ್ನು ಅಂದೇ ಸಂಜೆ ಆಯ್ದಿಟ್ಟುಕೊಂಡು ಖಾದಿಯ ಜೊತೆ ಸುಡಬಹುದು. ಬೂದಿ ತಣ್ಣಗಾದ ಮೇಲೆ ಕೈಯಾಡಿಸಿ ನೋಡಿ. ಬಣ್ಣದ ಒಂದು ಚೂರು ಸಿಕ್ಕರೂ ಮತ್ತೆ ಉರಿ ಹಚ್ಚಿ, ಅದೂ ಬೂದಿಯಾದ ಮೇಲೆ ಗಿಡದ ಬುಡದಲ್ಲಿ ಗುಂಡಿ ತೋಡಿ ಮುಚ್ಚಿ.