ರಟ್ಟಿನ ಮಾನಿಟರ್ ಹೊತ್ತು ತಿರುಗಿದ ಹದಿನೈದು ದಿನ

ಕಳೆದ ತಿಂಗಳು 19ನೇ ತಾರೀಖು ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ನನ್ನ ಇಪ್ಪತ್ತಮೂರೂ ಪಾರ್ಟಿಗಳ 3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಫೈಲ್ ಆಗಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗಿನಿಂದ ಅಂಗಡಿ, ಮಂಡಿಗಳ ಲೆಕ್ಕ ನೋಡಿ ರಿಟರ್ನ್ ತುಂಬುವ ಈ ಕೆಲಸ ಮಾಡುತ್ತಿದ್ದೇನೆ. ಹೀಗೆ ಆದದ್ದು ಇದೇ ಮೊದಲು. ಕೊನೇ ತಾರೀಖು 20ರ ರಾತ್ರಿ ನಮ್ಮ ಲೈನಿನವರೆಲ್ಲ ಕಂಪ್ಯೂಟರ್ ಮುಂದೆ ಕೂತಿದ್ದಾಗ ನಾನು ಒಂಬತ್ತೂವರೆಗೆ ಮಲಗಿದ್ದೆ.

ಕಾರಣ, ಲ್ಯಾಪ್‌ಟಾಪಿಗೆ ಎರಡನೇ ಪರದೆಯಾಗುವ, ಚೀಲದಲ್ಲಿ ಹಿಡಿಯುವ ಒಂದು ಪೋರ್ಟಬಲ್ ಮಾನಿಟರ್. ಅದನ್ನ ತಗೊಳ್ತೇನೆ ಅಂದಾಗ ಸಿದ್ದಾಪುರದ ನಮ್ಮ ಭಾವ, "ಒಂದ್ಸಲ ಕೈ ಸುಟ್ಟುಕೊಂಡದ್ದು ಸಾಲದಾ ಮಾರಾಯ, ಮತ್ತೆ ಎಂತಕ್ಕೆ ಅದು?" ಅಂದಿದ್ದ. ಭಾವನೂ ಇದೇ ಕೆಲಸದವನು. ಕುಮಟೆಯ ಹಿರಿಯರೊಬ್ಬರು, "ನಾವು ಒಂದೇ ಪರದೆಯಲ್ಲಿ ಇಷ್ಟು ವರ್ಷ ಮಾಡಲಿಲ್ವೇನೋ ತಮ್ಮಾ" ಅಂದರು. ಈಗ ಇಬ್ಬರೂ ಯಾವ ಕಂಪನಿ, ಎಷ್ಟು ರೂಪಾಯಿ ಅಂತ ಕೇಳುತ್ತಿದ್ದಾರೆ. ಕಂಪನಿ ಹೆಸರು ಮುಖ್ಯ ಅಲ್ಲ. ಬೇಕೋ ಬೇಡವೋ ಅಂತ ನಾನು ಹೇಗೆ ತೀರ್ಮಾನ ಮಾಡಿದೆ ಅನ್ನುವುದನ್ನ ಬರೆಯುತ್ತೇನೆ.

ಭಾವ ಹೇಳಿದ್ದು ಸುಳ್ಳಲ್ಲ. ಎರಡು ವರ್ಷದ ಹಿಂದೆ ಆಫರ್‌ನಲ್ಲಿ ಸುಮಾರು 8,000ಕ್ಕೆ ಒಂದು ತಗೊಂಡಿದ್ದೆ. ಬಂದ ದಿನ ಲ್ಯಾಪ್‌ಟಾಪಿನ ಟೈಪ್ ಸಿ ಪೋರ್ಟಿಗೆ ಸಿಕ್ಕಿಸಿದೆ. ಮಾನಿಟರಿನ ದೀಪ ಹತ್ತಿತು, ಚಿತ್ರ ಬರಲಿಲ್ಲ. ಆಗಿನ ನನ್ನ ಲ್ಯಾಪ್‌ಟಾಪಿನ ಟೈಪ್ ಸಿ ಪೆನ್‌ಡ್ರೈವಿಗೆ, ಫೋನಿಗೆ ಮಾತ್ರ. ವಿಡಿಯೋ ಹೊರಗೆ ಕೊಡುವುದೇ ಇಲ್ಲ. ಸರಿ, ಎಚ್‌ಡಿಎಂಐ ಹಾಕೋಣ ಅಂದರೆ ಮಾನಿಟರಿನಲ್ಲಿ ಇದ್ದದ್ದು ಸಣ್ಣ ಬಾಯಿಯ ಮಿನಿ ಎಚ್‌ಡಿಎಂಐ. ಶಿರಸಿಯಲ್ಲಿ ಮೂರು ಅಂಗಡಿ ತಿರುಗಿದರೂ ಆ ಕೇಬಲ್ಲು ಸಿಗಲಿಲ್ಲ, ತರಿಸಲು ನಾಲ್ಕು ದಿನ ಹೋಯಿತು. ಕೇಬಲ್ಲು ಬಂದಮೇಲೆ ಇನ್ನೊಂದು ತಾಪತ್ರಯ. ಎಚ್‌ಡಿಎಂಐಯಲ್ಲಿ ಚಿತ್ರ ಬರುತ್ತದೆ, ಕರೆಂಟು ಬರುವುದಿಲ್ಲ. ಅದಕ್ಕೆ ಬೇರೆ ವಯರು, ಬೇರೆ ಚಾರ್ಜರು. ಅಡಿಕೆ ಮಂಡಿಯಲ್ಲಿ ಕೈಗೆ ಸಿಗುವುದು ಒಂದೇ ಪ್ಲಗ್ಗು, ಅದಕ್ಕೆ ತೂಕದ ಮಶಿನ್ನು ಹಾಕಿರುತ್ತಾರೆ.

ಇಷ್ಟನ್ನೂ ತಡೆದುಕೊಂಡೆ. ತಡೆಯಲಾಗದ್ದು ಬೆಳಕು. ಮಂಡಿಯ ಬಾಗಿಲು ಅಂಗಳಕ್ಕೆ ತೆರೆದಿರುತ್ತದೆ. ಅಂಗಳದಲ್ಲಿ ಚಾಲಿ ಅಡಿಕೆ ಹರಡಿರುತ್ತದೆ, ಮೇಲೆ ಮಾರ್ಚ್ ತಿಂಗಳ ಬಿಸಿಲು. ಆ ಮಾನಿಟರು ಕನ್ನಡಿಯ ಹಾಗೆ ಹೊಳೆಯುವಂಥದ್ದು, ಬ್ರೈಟ್‌ನೆಸ್ಸೂ ಕಮ್ಮಿ, 220 ನಿಟ್ಸ್. ಅಂಕಿಯ ಮೇಲೆ ಅಂಗಳ ಕಾಣುತ್ತಿತ್ತು. ಐದು ತಿಂಗಳು ಕಪಾಟಿನಲ್ಲಿಟ್ಟು ಕೊನೆಗೆ 4,500ಕ್ಕೆ ಕೊಟ್ಟೆ. ಕೊಳ್ಳುವಾಗ ನನ್ನ ಜಿಎಸ್‌ಟಿ ನಂಬರ್ ಹಾಕಿರಲಿಲ್ಲ. ನಾನು ಕಟ್ಟುವ ತೆರಿಗೆಯಲ್ಲಿ ಕಳೆಯಬಹುದಾಗಿದ್ದ 1,200 ರೂಪಾಯಿ ಕ್ರೆಡಿಟ್ಟೂ ಹೋಯಿತು. ಅದು ಇವತ್ತಿಗೂ ಚುಚ್ಚುತ್ತದೆ.

ಎರಡನೇ ಸಲ ಹಾಗೆ ಆಗಬಾರದು ಅಂತ ಮೊದಲು ನನ್ನ ಕೆಲಸವನ್ನೇ ಅಳೆದೆ. ಮನೆಯಲ್ಲಿ ಹತ್ತು ಇಂಚಿನ ಹಳೇ ಟ್ಯಾಬ್ ಇತ್ತು. ವೈಫೈಯಲ್ಲಿ ಅದನ್ನೇ ಎರಡನೇ ಪರದೆ ಮಾಡಿಕೊಂಡೆ. ಮೌಸ್ ಎಳೆದರೆ ತಡವಾಗಿ ಬರುತ್ತಿತ್ತು, ಆಗಾಗ ಕಡಿದೂ ಹೋಗುತ್ತಿತ್ತು. ಪರವಾಗಿಲ್ಲ, ಅಳತೆಗೆ ಸಾಕು. ಹಳೇ ಟೆಂಡರ್ ಚೀಟಿಯ ಹಿಂದೆ ಮೂರು ಮನೆ ಗೀಚಿದೆ: 2ಬಿ ತಾಳೆ (ಸಪ್ಲೈಯರುಗಳು ತೋರಿಸಿದ ಬಿಲ್ಲುಗಳ ಜಿಎಸ್‌ಟಿ ಪಟ್ಟಿಯನ್ನ ನಮ್ಮ ಲೆಕ್ಕಕ್ಕೆ ಹೋಲಿಸಿ ನೋಡುವುದು), ರಿಟರ್ನ್ ತುಂಬುವುದು, ಬಿಲ್ ಎಂಟ್ರಿ. ಒಂದೊಂದರಲ್ಲೂ ಹತ್ತು ನಿಮಿಷ ಹಿಡಿದು, ಕಿಟಕಿ ಬದಲಿಸಲು ಆಲ್ಟ್ ಟ್ಯಾಬ್ ಕೀಲಿ ಒತ್ತಿದಾಗಲೆಲ್ಲ ಅಥವಾ ಟ್ಯಾಬಿನ ಕಡೆ ತಿರುಗಿದಾಗಲೆಲ್ಲ ಪೆನ್ಸಿಲಿನಲ್ಲಿ ಒಂದು ಗೀಟು.

ತಾಳೆ ನೋಡುವಾಗ ಹತ್ತು ನಿಮಿಷಕ್ಕೆ ನಲವತ್ತು, ನಲವತ್ತೈದು ಗೀಟು ಬಿತ್ತು. ರಿಟರ್ನ್ ತುಂಬುವಾಗ ಹತ್ತೋ ಹನ್ನೆರಡೋ. ಬಿಲ್ ಎಂಟ್ರಿಯಲ್ಲಿ ಎರಡೇ ಎರಡು! ಬಿಲ್ಲು ಇರುವುದು ಕಾಗದದಲ್ಲಿ, ಅಲ್ವಾ? ಕಣ್ಣು ಕಾಗದಕ್ಕೂ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೂ ಓಡಾಡುತ್ತದೆ. ಎರಡನೇ ಪರದೆ ಅಲ್ಲಿ ಬಿಲ್ಲಿನ ಕಟ್ಟು ಇಡುವ ಜಾಗವನ್ನೇ ತಿನ್ನುತ್ತದೆ. ಅಂದರೆ ಇಡೀ ದಿನ ಎಂಟ್ರಿ ಮಾಡುವವರಿಗೆ ಇದು ಸುಮ್ನೆ ದುಡ್ಡು ದಂಡ. ನನ್ನ ಆಫೀಸಿನ ಹುಡುಗನಿಗೆ ಅದಕ್ಕೇ ಕೊಡಿಸಲಿಲ್ಲ. ಆದರೆ 2022ರ ಜನವರಿಯಿಂದ 2ಬಿಯಲ್ಲಿ ಕಂಡದ್ದಕ್ಕೆ ಮಾತ್ರ ಕ್ರೆಡಿಟ್. ತಾಳೆ ನೋಡದೆ ಗತಿಯಿಲ್ಲ. 14ಕ್ಕೆ 2ಬಿ ಬಂದರೆ 20ರೊಳಗೆ ನನಗೆ ಬರೀ ತಾಳೆಯದ್ದೇ ಇಪ್ಪತ್ತನಾಲ್ಕು ತಾಸು ಕೆಲಸ. ಮೂರರಲ್ಲೊಂದು ಪಾಲು ಉಳಿದರೂ ಎಂಟು ತಾಸು. ತಾಸಿಗೆ 250 ಹಿಡಿದರೆ ತಿಂಗಳಿಗೆ 2,000. ಆರು ತಿಂಗಳಲ್ಲಿ 12,000ದ ವಸ್ತು ತೀರಬೇಕು. ಅದಕ್ಕಿಂತ ಜಾಸ್ತಿ ಹಾಕಬಾರದು ಅಂತ ಗೆರೆ ಎಳೆದುಕೊಂಡೆ.

ಇದು ಮನೆಯ ಲೆಕ್ಕ. ಹೊತ್ತು ತಿರುಗುವ ಲೆಕ್ಕ ಬೇರೆ. ಅದಕ್ಕೆ ಮಾಡಿದ್ದೇ ರಟ್ಟಿನ ಮಾನಿಟರು. 15.6 ಇಂಚಿನ ಮಾನಿಟರ್ ಸುಮಾರು 36 ಸೆಂಟಿಮೀಟರ್ ಉದ್ದ, 22 ಅಗಲ. ಫ್ರಿಜ್ಜಿನ ಡಬ್ಬದ ರಟ್ಟು ಅಳತೆಗೆ ಕತ್ತರಿಸಿ, ಎರಡು ಪದರ ಅಂಟಿಸಿದೆ. ಕವರು ಸೇರಿ ಒಂದು ಕಿಲೋ ಆಗುತ್ತದೆ ಅಂತ ಜೊತೆಗೆ ಒಂದು ಕಿಲೋ ಸಕ್ಕರೆ ಪ್ಯಾಕೆಟ್ಟು. ಹದಿನೈದು ದಿನ ಹೊತ್ತೆ. ಸ್ಕೂಟರಿನಲ್ಲಿ ಸಿದ್ದಾಪುರಕ್ಕೆ, ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಗೆ. ಹೋದಲ್ಲೆಲ್ಲ ರಟ್ಟು ತೆಗೆದು ಮೇಜಿನ ಮೇಲೆ ನಿಲ್ಲಿಸಿ ನೋಡುತ್ತಿದ್ದೆ. ಮಂಡಿಯವರು ನಕ್ಕರು. ನಗಲಿ.

ಆ ರಟ್ಟು ಕಲಿಸಿದ್ದು ಯಾವ ರಿವ್ಯೂದಲ್ಲೂ ಇರಲಿಲ್ಲ. ಘಟ್ಟದ ತಿರುವಿನಲ್ಲಿ ಚೀಲ ಜಾರಿದಾಗ ರಟ್ಟಿನ ಒಂದು ಮೂಲೆ ಜಜ್ಜಿತು. ನಿಜವಾದದ್ದಾಗಿದ್ದರೆ ಗಾಜೇ ಹೋಗುತ್ತಿತ್ತು. ಆಮೇಲಿಂದ ಅದರ ಜಾಗ ಲ್ಯಾಪ್‌ಟಾಪಿನ ಮತ್ತು ನನ್ನ ಬೆನ್ನಿನ ನಡುವೆ, ಪರದೆ ಲ್ಯಾಪ್‌ಟಾಪಿನ ಕಡೆ ಮುಖ ಮಾಡಿ. ಎರಡನೆಯದು ಇನ್ನೂ ದೊಡ್ಡದು. ಹಳೇ ಮಂಡಿಗಳಲ್ಲಿ ಗದ್ದಿಗೆ ಮೇಲೆ ಕೂತು ಬರೆಯುವ ಇಳಿಜಾರು ಡೆಸ್ಕು ಇರುತ್ತದೆ. ಕವರನ್ನೇ ಮಡಚಿ ಸ್ಟ್ಯಾಂಡ್ ಮಾಡುವ ಮಾನಿಟರು ಅದರ ಮೇಲೆ ನಿಲ್ಲುವುದೇ ಇಲ್ಲ. ಹಿಂದೆ ಗಟ್ಟಿ ಲೋಹದ ಕಾಲು ಇರುವುದೇ ಬೇಕು ಅಂತ ಅಲ್ಲಿ ಗೊತ್ತಾಯಿತು. ಅಷ್ಟರಲ್ಲಿ ನನ್ನ ಪಟ್ಟಿಯ ಅರ್ಧಕ್ಕಿಂತ ಜಾಸ್ತಿ ಮಾಡೆಲ್ಲು ಹೊಡೆದುಹೋದವು. ಇನ್ನು ಕಾರವಾರದ ಒಂದು ಅಂಗಡಿಯಲ್ಲಿ ಮೇಜೇ ಸಣ್ಣದು, ರಟ್ಟು ಅಡ್ಡಕ್ಕೆ ಕೂರಲಿಲ್ಲ. ಉದ್ದಕ್ಕೆ ನಿಲ್ಲಿಸಿದೆ, ಕೂತಿತು. ಅದೂ ತಲೆಯಲ್ಲಿ ಉಳಿಯಿತು.

ಕೊನೆಗೆ 12,400ಕ್ಕೆ ತಗೊಂಡೆ. ಈ ಸಲ ಜಿಎಸ್‌ಟಿ ನಂಬರ್ ಹಾಕಿಯೇ. 18 ಪರ್ಸೆಂಟ್ ತೆರಿಗೆಯಲ್ಲಿ 1,900ದ ಹತ್ತಿರ ಕ್ರೆಡಿಟ್ ಬಂತು. ಕೈಯಿಂದ ಬಿದ್ದದ್ದು 10,500. ಬೆಳಕು 300 ನಿಟ್ಸ್, ಹೊಳೆಯದ ಮ್ಯಾಟ್ ಪರದೆ, ರೆಸಲ್ಯೂಷನ್ 1920-1080. 4ಕೆ, ಹರ್ಟ್ಸ್, ಬಣ್ಣದ ಪರ್ಸೆಂಟು ಇವನ್ನೆಲ್ಲ ನೋಡಲೇ ಇಲ್ಲ. ನಮ್ಮದು ಬಿಳಿ ಹಾಳೆ, ಕಪ್ಪು ಅಕ್ಷರ. ಅಷ್ಟರಲ್ಲಿ ಲ್ಯಾಪ್‌ಟಾಪೂ ಬದಲಾಗಿತ್ತು. ಅದರ ಟೈಪ್ ಸಿಯಲ್ಲಿ ಡಿಸ್‌ಪ್ಲೇ ಪೋರ್ಟ್ ಇದೆ, ಅಂದರೆ ವಿಡಿಯೋ ಹೊರಗೆ ಕೊಡುತ್ತದೆ, ಅಂತ ಮ್ಯಾನುಯಲ್ಲಿನಲ್ಲಿ ಕಣ್ಣಾರೆ ಓದಿ ಆಮೇಲೆ ಆರ್ಡರ್ ಒತ್ತಿದೆ.

ಬಂದ ದಿನವೇ ಬಿಳಿ ಪರದೆ, ಕಪ್ಪು ಪರದೆ ಮಾಡಿ ಕೆಟ್ಟ ಚುಕ್ಕೆ ಇದೆಯಾ ಅಂತ ಹುಡುಕಿದೆ. ಆಮೇಲೆ ಸೀದಾ ಮಂಡಿಗೆ ಒಯ್ದು ಬಾಗಿಲ ಕಡೆ ಮುಖ ಮಾಡಿ ಇಟ್ಟೆ. ವಾಪಸ್ ಕೊಡುವ ಅವಧಿ ಏಳು ದಿನ ಇತ್ತು. ಅಷ್ಟರಲ್ಲಿ ಕಷ್ಟದ ಜಾಗದಲ್ಲೆಲ್ಲ ಹಾಕಿ ನೋಡಬೇಕು, ಮನೆಯ ಕೋಣೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮೂರನೇ ದಿನ ಚಿತ್ರವೇ ಬರಲಿಲ್ಲ. ಎದೆ ಧಸಕ್ಕೆಂದಿತು. ನೋಡಿದರೆ ಅವಸರದಲ್ಲಿ ಫೋನ್ ಚಾರ್ಜರಿನ ಕೇಬಲ್ಲು ಹಾಕಿದ್ದೆ. ತುದಿ ಒಂದೇ ಥರ, ಒಳಗಿನ ತಂತಿ ಬೇರೆ. ಈಗ ಮಾನಿಟರಿನ ಕೇಬಲ್ಲಿಗೆ ಕೆಂಪು ದಾರ ಸುತ್ತಿಟ್ಟಿದ್ದೇನೆ.

ಕರೆಂಟಿನ ವಿಷಯ. ಸಣ್ಣ ಯುಎಸ್‌ಬಿ ಮೀಟರ್ ಹಾಕಿ ನೋಡಿದೆ. ಅರ್ಧ ಬೆಳಕಿಗೆ ಆರು ವ್ಯಾಟ್, ಪೂರ್ತಿ ಇಟ್ಟರೆ ಒಂಬತ್ತರ ಹತ್ತಿರ. ಐದು ತಾಸು ಬರುವ ಲ್ಯಾಪ್‌ಟಾಪು ಮೂರು ತಾಸಿಗೆ ಬಂತು. ಜುಲೈಯ ಗಾಳಿಮಳೆಗೆ ನಮ್ಮ ಕಡೆ ಕರೆಂಟು ಹೋದರೆ ಅದು ಸಾಲದು. ಮಾನಿಟರಿನ ಎರಡನೇ ಪೋರ್ಟಿಗೆ 20,000 ಎಂಎಎಚ್ ಪವರ್‌ಬ್ಯಾಂಕ್ ಹಾಕಿದೆ. ಪೂರ್ತಿ ಬೆಳಕಿಗೂ ಆರು ತಾಸು ದಾಟಿತು. ಹಳೇ ಸಣ್ಣ ಪವರ್‌ಬ್ಯಾಂಕಿನಲ್ಲಿ ಬೆಳಕು ತಾನೇ ಇಳಿದುಹೋಗುತ್ತಿತ್ತು.

ಫೋನನ್ನೇ ಮಾನಿಟರಿಗೆ ಹಾಕಿ ಲ್ಯಾಪ್‌ಟಾಪ್ ಬಿಟ್ಟು ಹೋಗಬಹುದಾ ಅಂತಲೂ ನೋಡಿದೆ. ನನ್ನ ಫೋನಿನಿಂದ ಚಿತ್ರ ಬರಲಿಲ್ಲ. ಅಕ್ಕನ ಮಗಳ ದುಬಾರಿ ಫೋನಿನಿಂದ ಬಂತು, ಕಂಪ್ಯೂಟರಿನ ಥರವೇ ಕಿಟಕಿಗಳು ತೆರೆದವು. ಎಕ್ಸೆಲ್ ಶೀಟು ಮಾತ್ರ ತೆವಳಿತು. ಕೈಬಿಟ್ಟೆ.

ಉದ್ದಕ್ಕೆ ನಿಲ್ಲಿಸುವ ಪ್ರಯೋಗ ಗೆದ್ದಿತು. ಅಡ್ಡಕ್ಕಿದ್ದರೆ 2ಬಿಯ ಮೂವತ್ತು, ಮೂವತ್ತೈದು ಸಾಲು ಕಾಣುತ್ತಿತ್ತು. ಉದ್ದಕ್ಕೆ ಇಟ್ಟರೆ ಅರವತ್ತರ ಮೇಲೆ. ಬೇಡದ ಕಾಲಂ ಮುಚ್ಚಿದರೆ ಅಗಲವೂ ಸಾಕಾಗುತ್ತದೆ. ಯಾವ ಕಾಲಂ ಮುಚ್ಚಬೇಕು, ಎರಡೂ ಕಡೆ ಸಾಲು ಒಟ್ಟಿಗೆ ಹೇಗೆ ಬಣ್ಣ ಬದಲಿಸುತ್ತದೆ ಅನ್ನುವ ನನ್ನ ಫಾರ್ಮುಲಾ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಆದರೆ ಅದರಿಂದ ಸಿಕ್ಕಿದ್ದನ್ನ ಹೇಳುತ್ತೇನೆ. ಕಾರವಾರದ ಒಂದು ಹಾರ್ಡ್‌ವೇರ್ ಅಂಗಡಿ, ಮಾಲು ಅರ್ಧ ಗೋವಾದಿಂದ. ಒಬ್ಬ ಸಪ್ಲೈಯರಿಗೆ ಎರಡೂ ರಾಜ್ಯದಲ್ಲಿ ಜಿಎಸ್‌ಟಿ ನಂಬರ್ ಇದೆ. ಹದಿನೈದು ಅಕ್ಷರದಲ್ಲಿ ನಡುವಿನ ಹತ್ತು ಪ್ಯಾನ್ ನಂಬರು, ಎರಡರಲ್ಲೂ ಒಂದೇ. ಮೊದಲಿನ ರಾಜ್ಯದ ಅಂಕಿ ಕರ್ನಾಟಕದ 29 ಇದ್ದದ್ದು ಗೋವಾದ 30, ಕೊನೆಯ ಅಕ್ಷರ ಬೇರೆ, ಅಷ್ಟೇ ವ್ಯತ್ಯಾಸ. ಗೋವಾದ ಬಿಲ್ಲುಗಳನ್ನ ಟ್ಯಾಲಿಯಲ್ಲಿ ಕರ್ನಾಟಕದ ನಂಬರಿನ ಲೆಡ್ಜರಿಗೆ (ಖಾತೆಗೆ) ಹಾಕಿದ್ದರು. ಒಂದೇ ಪರದೆಯಲ್ಲಿ ಹಿಂದೆ ಮುಂದೆ ಮಾಡುತ್ತ ನಾನೂ ಎರಡು ತಿಂಗಳು ಅದನ್ನ ದಾಟಿಹೋಗಿದ್ದೆ. ಅಕ್ಕಪಕ್ಕ ಇಟ್ಟ ಮೊದಲ ದಿನ, ಎಡಕ್ಕೆ 29, ಬಲಕ್ಕೆ 30, ಕಣ್ಣಿಗೆ ಹೊಡೆಯಿತು. 14,000 ಚಿಲ್ಲರೆ ಕ್ರೆಡಿಟ್ ತಾಳೆಯಾಯಿತು. ಅಂಗಡಿಯವರು ಅವತ್ತು ಫೀಸು ಕೇಳುವ ಮೊದಲೇ ಕೊಟ್ಟರು.

ಈಗ ನಾಲ್ಕು ತಿಂಗಳಾಯಿತು. ಎಂಟು ತಾಸು ಉಳಿಯುತ್ತದೆ ಅಂದುಕೊಂಡಿದ್ದೆ, ನಿಜಕ್ಕೂ ಉಳಿಯುತ್ತಿರುವುದು ಆರು. ತಿಂಗಳಿಗೆ 1,500. ಆರು ತಿಂಗಳ ಬದಲು ಏಳು ತಿಂಗಳಿಗೆ ದುಡ್ಡು ತೀರುತ್ತದೆ. ಕರಾವಳಿಗೆ ಹೋಗಿಬಂದ ದಿನ ಒಣ ಹತ್ತಿ ಬಟ್ಟೆಯಲ್ಲಿ ಪೋರ್ಟಿನ ಬಾಯಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಸ್ಟೀಲ್ ಡಬ್ಬದಲ್ಲಿ ಇಡುತ್ತೇನೆ. ಇಲ್ಲಿಯವರೆಗೆ ಏನೂ ಆಗಿಲ್ಲ.

ಮೂಲೆ ಜಜ್ಜಿದ ಆ ರಟ್ಟು ಈಗ ಭಾವನ ಚೀಲದಲ್ಲಿದೆ. ಜೊತೆಗೆ ಮೂರು ಮನೆ ಗೀಚಿದ ಚೀಟಿ ಕೊಟ್ಟಿದ್ದೇನೆ. ಹದಿನೈದು ದಿನ ಹೊತ್ತು, ಗೀಟು ಹಾಕಿ ತರಲಿ. ಅವನಿಗೆ ಎಂಟ್ರಿ ಕೆಲಸವೇ ಜಾಸ್ತಿ. ಬೇಡ ಅಂತಲೇ ಬರಬಹುದು.